ಹದಿನೇಳನೆಯ ಆಳು

ತಾರ್ತುವಿನಲ್ಲಿ ಜನವರಿಗೆ ಮೂರೂವರೆಗೇ ಸಂಜೆ.
ನದಿ ಹೆಪ್ಪುಗಟ್ಟಿ ಮಲಗಿದೆ.
ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮಾತ್ರ ಸೆಕೆ:
ನಲವತ್ತು ಯಂತ್ರ ಒಟ್ಟಿಗೆ ಉಸಿರುಬಿಡುವ ಕೋಣೆ,
ತೋಳು ಮಡಚಿ ಕೂತ ನಾನು.

ಲೆಕ್ಕ ಹೀಗಿತ್ತು.
ನಾನೂರ ಹನ್ನೆರಡು ತಲೆ.
ಒಂದೊಂದರ ಮಡಿಕೆ ಮಡಿಕೆ ಬಿಡಿಸಿ
ಬೂದುಪದರ ಎಷ್ಟು ಸವೆದಿದೆಯೆಂದು ಅಳೆಯಲು
ಒಂದು ಯಂತ್ರಕ್ಕೆ ಒಂಬತ್ತು ಗಂಟೆ.
ಸಾಲಾಗಿ ನಿಲ್ಲಿಸಿದರೆ ಐದು ತಿಂಗಳು,
ಐಸು ಕರಗಿ, ಲೈಲಾಕ್ ಅರಳಿ ಉದುರುವ ತನಕ.
ಡಾಕ್ಟರ್ ಹೆಲ್ಯೋ ಕ್ಯಾಲೆಂಡರಿನ ಮೇಲೆ ಬೆರಳಿಟ್ಟರು:
ಸೋಮವಾರ.

ಅಜ್ಜಿಯ ಆಲೂಗಡ್ಡೆ ಹೊಲ ನೆನಪಾಯಿತು.
ಸೆಪ್ಟೆಂಬರಿನ ಒಂದು ಶನಿವಾರ ಊರೆಲ್ಲ ಮುಯ್ಯಿಗೆ ಬಂದು
ಸಾಲಿಗೊಬ್ಬರಂತೆ ಬಗ್ಗಿದರೆ
ಕತ್ತಲಾಗುವುದರೊಳಗೆ ಹೊಲ ಬರಿದು.
ಒಬ್ಬರ ಸಾಲಿಗೆ ಇನ್ನೊಬ್ಬರು ಕೈಹಾಕುವಂತಿಲ್ಲ.
ಊಟ ಮಾತ್ರ ಒಟ್ಟಿಗೆ;
ಕೊನೆಯವನು ಬೂಟಿನ ಮಣ್ಣು ಕೊಡವುವ ತನಕ
ಅಜ್ಜಿ ಸೌಟು ಮುಟ್ಟುತ್ತಿರಲಿಲ್ಲ.

ಹಾಗೇ ಹಂಚಿದೆ, ಬುಧವಾರ ಸಂಜೆ.
ಈ ಯಂತ್ರಕ್ಕೆ ಈ ತಲೆ, ಆ ಯಂತ್ರಕ್ಕೆ ಆ ತಲೆ.
ಒಂದು ಮಿದುಳಿಗೆ ಇನ್ನೊಂದರ ಗೊಡವೆಯಿಲ್ಲ,
ಅದೇ ನನ್ನ ಪುಣ್ಯ.
ಬೆಳಗಿನ ಜಾವ ಪರದೆಯ ಮೇಲೆ ಹಸಿರು ಚುಕ್ಕೆಗಳು
ರೈ ಪೈರಿನ ಮೊಳಕೆಯಂತೆ ಎದ್ದವು.

ಭಾನುವಾರ ರಾತ್ರಿ
ನಾನೂರ ಹನ್ನೊಂದು ಮುಗಿದಿತ್ತು.
ಮೂವತ್ತೊಂಬತ್ತು ಆಳು ಕೈಕಟ್ಟಿ ನಿಂತಿದ್ದವು.
ಹದಿನೇಳನೆಯದು
ಹತ್ತೊಂಬತ್ತು ಗಂಟೆಯಿಂದ ಒಂದೇ ಮಡಿಕೆಯಲ್ಲಿ ಸುತ್ತುತ್ತಿತ್ತು,
ಸಿಕ್ಕು ಬಿದ್ದ ಉಣ್ಣೆಯಲ್ಲಿ ತುದಿ ಹುಡುಕುವ ಮಗುವಿನ ಹಾಗೆ.

ತೆರೆದು ನೋಡಿದೆ. ಇನ್ನೂರ ಎಂಬತ್ತೆಂಟನೆಯ ತಲೆ.
ಬುರುಡೆಯ ಅಂಚು ಮೂರು ಮೂರಾಗಿ ಒಡೆದು
ಕಲ್ಲು ಬಿದ್ದ ನೀರಿನಂತೆ ಉಂಗುರ ಉಂಗುರ.
ಕೈಬಿಡಲು ಒಂದು ಸಾಲಿನ ಅಪ್ಪಣೆ ಸಾಕು.
ಸರಾಸರಿಗೆ ಇರುವೆ ಕಚ್ಚಿದಷ್ಟೂ ತಿಳಿಯುವುದಿಲ್ಲ.
ಬೆರಳು ಕೀಲಿಯ ಮೇಲೇ ಇತ್ತು.

ಯಾಕೋ ವಿರ್ವೆಗೆ ಫೋನು ಮಾಡಿದೆ.
ಸ್ಕ್ಯಾನ್ ಮಾಡುವವಳು ಅವಳು,
ನನಗೆ ಅಂಕೆಯಾದದ್ದು ಅವಳಿಗೆ ಮುಖ.
"ಓ, ಫೆಯೊಫಾನ್! ಪೈಪ್ಸಿ ಸರೋವರದ ದಂಡೆಯವನು.
ಈರುಳ್ಳಿ ಜಡೆ ಹೆಣೆದು ತಂದು
ನನ್ನ ಕುರ್ಚಿಗೆ ನೇತುಹಾಕಿದ್ದ.
ಅಲ್ಲಾಡಬೇಡಿ ಅಂದರೆ ನಕ್ಕ.
ಅಲ್ಲಾಡದೆ ಇರಲಿಕ್ಕೆ ಬರುತ್ತಿದ್ದರೆ
ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ ಮಗಳೇ, ಅಂದ."

ಕೈನಡುಕದವರ ಅಧ್ಯಯನ ಇದು.
ಶುರುವಿನಲ್ಲೇ ಕೈಬಿಟ್ಟವರ ಪಟ್ಟಿ ಹುಡುಕಿ ತೆಗೆದೆ.
ಮೂವತ್ತೊಂದು.
ಎಲ್ಲಕ್ಕೂ ಕಾರಣ ಒಂದೇ: ಚಲನೆ.
ಕೆಳಗೆ ನನ್ನದೇ ಸಹಿ,
ಅಕ್ಟೋಬರಿನ ತಾರೀಕು, ಮಧ್ಯಾಹ್ನದ ಹೊತ್ತು.
ಅವತ್ತು ಏನು ಊಟ ಮಾಡಿದ್ದೆನೋ.

ಸೋಮವಾರ ಹೆಲ್ಯೋ ಮೇಜಿಗೆ
ಉತ್ತರದ ಬದಲು ಆ ಪಟ್ಟಿ ಹೋಯಿತು.
ಕನ್ನಡಕ ತೆಗೆದು, ಒರೆಸಿ, ಹಾಕದೆ ಹಾಗೇ ಹಿಡಿದುಕೊಂಡು
"ಕರೆಸಿ," ಅಂದರು. "ಒಬ್ಬೊಬ್ಬರನ್ನೂ."

ಮೊದಲು ಬಂದವನು ಫೆಯೊಫಾನ್.
ಗಡ್ಡದಲ್ಲಿ ಹಿಮ, ಚೀಲದಲ್ಲಿ ಮತ್ತೆ ಈರುಳ್ಳಿ.
ವಿರ್ವೆ ಕಿವಿಯ ಎರಡೂ ಬದಿಗೆ ಮೆತ್ತೆ ತುರುಕಿದಳು.
ನಲವತ್ತು ನಿಮಿಷ.
ನಲವತ್ತು ಮಂದಿ ತಲೆಗೊಂದು ನಿಮಿಷದಂತೆ ಮಲಗಿ
ಹಂಚಿಕೊಳ್ಳುವ ಹಾಗಿಲ್ಲ ಇದನ್ನು.
ನನಗೆ ಏನು ಮಾಡಲೂ ತೋಚದೆ
ಬೆಲ್ಟು, ಗಡಿಯಾರ ಬಿಚ್ಚಿಟ್ಟು ಒಳಗೆ ಹೋಗಿ
ಉಣ್ಣೆಯ ಕಾಲುಚೀಲದ ಮೇಲೆ ಕೈಯಿಟ್ಟೆ.
ಯಂತ್ರ ಬಡಿಗನಂತೆ ಬಡಿಯತೊಡಗಿತು.
ಅಂಗೈ ಕೆಳಗೆ ನಡುಕ,
ಬಲೆಯೊಳಗಿನ ಮೀನಿನಂತೆ, ನಿಂತು, ಮತ್ತೆ ಒದೆದು.

ಹದಿನೆಂಟನೆಯ ನಿಮಿಷಕ್ಕೆ ಮುದುಕನಿಗೆ ನಿದ್ದೆ ಹತ್ತಿತು.
ಆ ಸದ್ದಿನಲ್ಲಿ!
ಕಾಲು ಸುಮ್ಮನಾಯಿತು.
ನಾನು ಕೈ ತೆಗೆಯಲಿಲ್ಲ.

ರಾತ್ರಿ ಹದಿನೇಳನೆಯದಕ್ಕೆ ಅದೇ ತಲೆ ಕೊಟ್ಟೆ.
ಮೇಜಿನ ಮೇಲೆ ಈರುಳ್ಳಿ ಜಡೆ.
ಉಳಿದ ಮೂವತ್ತೊಂಬತ್ತನ್ನು ಆರಿಸಬಹುದಿತ್ತು,
ಆರಿಸಲಿಲ್ಲ, ಬೆಚ್ಚಗಿರಲಿ ಎಂದು.